ಗುಂಟೆ ಹೇಳಿದವರಿಗೆ ಹೆಕ್ಟೇರಿನ ಖಾನೆ

ಸುರಪುರ ತಾಲ್ಲೂಕಿನ ಕೆಂಭಾವಿ ಒಂದು ಹೋಬಳಿ ಕೇಂದ್ರ. ಸುತ್ತಲಿನ ಹಳ್ಳಿಗಳವರು ಜಾತಿ, ಆದಾಯದ ಪ್ರಮಾಣಪತ್ರಕ್ಕೋ ಪಿಂಚಣಿಗೋ ಪಹಣಿಗೋ ಇಲ್ಲಿನ ನಾಡಕಚೇರಿಗೆ ಬಂದು ನಿಂತಾಗ, ಅವರು ಹೇಳಿದ್ದನ್ನು ಕೇಳಿಸಿಕೊಂಡು ಪರದೆಯ ಮೇಲಿನ ಖಾನೆಗಳಲ್ಲಿ ತುಂಬುವವರು ಕಂಪ್ಯೂಟರ್ ಮುಂದೆ ಕೂತ ಆಪರೇಟರ್. ಮೇಲ್ನೋಟಕ್ಕೆ ಇದು ಬರೀ ಟೈಪಿಂಗ್ ಕೆಲಸ. ಆದರೆ ಬಂದ ಮುದುಕಿ "ಅರವತ್ತು ದಾಟ್ಯಾವ್ರೀ" ಅನ್ನುತ್ತಾಳೆ, ಖಾನೆ ಕೇಳುವುದು ದಿನ, ತಿಂಗಳು, ವರ್ಷ. ರೈತ ಎಕರೆ-ಗುಂಟೆಯಲ್ಲಿ ಹೇಳುತ್ತಾನೆ, ಖಾನೆಗೆ ದಶಾಂಶ ಬೇಕು. ಹೆಸರು ಕೇಳಿದರೆ ತಂದೆಯ ಹೆಸರನ್ನೂ ಸೇರಿಸಿ ಹೇಳುವುದು ಈ ಕಡೆಯ ರೂಢಿ, ಖಾನೆಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ತುಂಡು. ಜನ ಹೇಳುವ ರೂಪ ಒಂದು, ಡೇಟಾಬೇಸ್ ಇಟ್ಟುಕೊಳ್ಳುವ ರೂಪ ಇನ್ನೊಂದು, ನಡುವೆ ತರ್ಜುಮೆ ಆಗಲೇಬೇಕು. ನನ್ನ ವಾದ ಇಷ್ಟೇ: ಆ ತರ್ಜುಮೆಯನ್ನು ತಂತ್ರಾಂಶ ಬರೆಯುವವರು ಮಾಡದೆ ಬಿಟ್ಟರೆ ಕೆಲಸ ತಪ್ಪುವುದಿಲ್ಲ, ಕೌಂಟರಿನ ಬಳಿ ಬಂದು ಬೀಳುತ್ತದೆ. ಅಲ್ಲಿ ಅದನ್ನು ಒಬ್ಬೊಬ್ಬರು ಒಂದೊಂದು ಥರ ಮಾಡುತ್ತಾರೆ. ಹೇಗೆ ಮಾಡಿದರು ಎಂಬುದಕ್ಕೆ ದಾಖಲೆಯೂ ಉಳಿಯುವುದಿಲ್ಲ.

ಹೆಸರನ್ನೇ ನೋಡಿ. ಕಲ್ಯಾಣ ಕರ್ನಾಟಕದ ಪಹಣಿಗಳಲ್ಲಿ "ಮಲ್ಲಪ್ಪ ತಂದೆ ಭೀಮಪ್ಪ", "ಶರಣಮ್ಮ ಗಂಡ ಬಸಪ್ಪ" ಎಂಬ ಬರವಣಿಗೆ ಸಾಮಾನ್ಯ. ಹಳೇ ಮೈಸೂರಿಗೆ ಹೋದರೆ ಅಲ್ಲಿ ತಂದೆಯ ಜಾಗಕ್ಕೆ "ಬಿನ್", ಗಂಡನ ಜಾಗಕ್ಕೆ "ಕೋಂ". ಒಂದೇ ರಾಜ್ಯದ ಒಂದೇ ಇಲಾಖೆಯ ದಾಖಲೆಯಲ್ಲಿ ಎರಡು ಪದ್ಧತಿ, ಎರಡೂ ಅಲ್ಲಲ್ಲಿಯವರಿಗೆ ಸಹಜ. ಆಧಾರ್‌ನಲ್ಲಿ ಹೆಸರಿಗೆ ಇರುವುದು ಒಂದೇ ಖಾನೆ, ಏನು ಹೇಳಿದರೂ ಅದರಲ್ಲಿ ಹಿಡಿಸುತ್ತದೆ. ಪ್ಯಾನ್ ಕಾರ್ಡಿಗೆ ವರ್ಷಾನುಗಟ್ಟಲೆ ಬಳಕೆಯಲ್ಲಿದ್ದ 49ಎ ನಮೂನೆಯಲ್ಲಿ ಮೂರು: ಕೊನೆಯ ಹೆಸರು, ಮೊದಲ ಹೆಸರು, ನಡುವಿನ ಹೆಸರು. ಒಂದೇ ಹೆಸರಿನವರು ಅದನ್ನು ಕೊನೆಯ ಹೆಸರಿನ ಖಾನೆಯಲ್ಲಿ ಬರೆಯಬೇಕೆಂಬ ಸೂಚನೆಯೂ ಅದರಲ್ಲಿತ್ತು. ಹೀಗಾಗಿ ಪಹಣಿಯಲ್ಲಿ ಮಲ್ಲಪ್ಪ ತಂದೆ ಭೀಮಪ್ಪ ಆಗಿದ್ದವನು ಆಧಾರ್‌ನಲ್ಲಿ ಬರೀ ಮಲ್ಲಪ್ಪನಾಗಿ, ಪ್ಯಾನ್‌ನಲ್ಲಿ ತಂದೆಯ ಹೆಸರನ್ನೋ ಅಡ್ಡಹೆಸರನ್ನೋ ಹಿಂದೆ ಅಂಟಿಸಿಕೊಂಡು ಬೇರೊಬ್ಬನಂತೆ ಕಾಣುವುದು ಸಹಜವೇ. ಅಡ್ಡಹೆಸರು ಸೇರಿಸಬೇಕೋ ಬೇಡವೋ, ತಂದೆಯ ಹೆಸರು ನಡುವೆಯೋ ಕೊನೆಗೋ ಎಂಬುದನ್ನು ತೀರ್ಮಾನಿಸಿದ್ದು ಆ ಹೊತ್ತು ಕೀಬೋರ್ಡ್ ಮುಂದೆ ಇದ್ದವರು. 2019ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಕಿಸಾನ್ ಯೋಜನೆ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತಿನಲ್ಲಿ ಖಾತೆಗೆ ಹಾಕುವಾಗ ಆಧಾರ್‌ನ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆ ನೋಡಿತು. ತಾಳೆಯಾಗದ ದಾಖಲೆಗಳನ್ನು ತಿದ್ದುವುದಕ್ಕೆಂದೇ ಅದರ ಜಾಲತಾಣದಲ್ಲಿ ಬೇರೆ ಪುಟ ತೆರೆಯಬೇಕಾಯಿತು. ಹೆಸರು ಸುಳ್ಳು ಹೇಳಿದವರಿಗಿಂತ, ಹೆಸರನ್ನು ಬೇರೆ ಬೇರೆ ಖಾನೆಗೆ ಬೇರೆ ಬೇರೆ ರೀತಿ ಕತ್ತರಿಸಿ ಹಾಕಿಸಿಕೊಂಡವರಿಗೆ ಅಂಥ ಪುಟ ಹೆಚ್ಚು ಬೇಕಾಗುತ್ತದೆ.

ತಂತ್ರಾಂಶದವರು ಹೀಗೇಕೆ ಮಾಡುತ್ತಾರೆ? ಸೋಮಾರಿತನ ಎಂದು ಬಿಡುವುದು ಸುಲಭ, ನ್ಯಾಯವಲ್ಲ. ಡೇಟಾಬೇಸ್ ಎಂದರೆ ಕೋಷ್ಟಕಗಳ ರಾಶಿ. ಪ್ರತಿ ಕಾಲಮ್ಮಿಗೂ ಇದು ಸಂಖ್ಯೆ, ಇದು ದಿನಾಂಕ, ಇದು ಅಕ್ಷರ ಎಂಬ ಕಟ್ಟುನಿಟ್ಟು ಇರುತ್ತದೆ. ಇರಲೇಬೇಕು. ಇಲ್ಲದಿದ್ದರೆ ಕೂಡುವುದು, ಹುಡುಕುವುದು, ಅನುಕ್ರಮವಾಗಿ ಜೋಡಿಸುವುದು ಯಾವುದೂ ಆಗುವುದಿಲ್ಲ. 2004ರಲ್ಲಿ ಬಂದ ರೂಬಿ ಆನ್ ರೈಲ್ಸ್, 2005ರಲ್ಲಿ ಬಂದ ಜ್ಯಾಂಗೋ ಮುಂತಾದ ಚೌಕಟ್ಟುಗಳು ಪ್ರೋಗ್ರಾಮರ್‌ಗಳ ಕೈಗೆ ಒಂದು ದೊಡ್ಡ ಸೌಲಭ್ಯ ಕೊಟ್ಟವು: ಕೋಷ್ಟಕ ಹೇಗಿರಬೇಕು ಎಂದು ಹೇಳಿದರೆ ಸಾಕು, ಅದಕ್ಕೆ ಒಪ್ಪುವ ಅರ್ಜಿಯ ಪುಟವನ್ನು ಚೌಕಟ್ಟೇ ಸಿದ್ಧಪಡಿಸಿಕೊಡುತ್ತದೆ. ಒಂದು ಕಾಲಮ್ಮಿಗೆ ಒಂದು ಖಾನೆ. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಮಧ್ಯಾಹ್ನದೊಳಗೆ ಮುಗಿಯತೊಡಗಿತು. ಆ ಅನುಕೂಲದ ಜೊತೆಗೆ ಒಂದು ರೂಢಿಯೂ ಬೆಳೆಯಿತು. ಕೋಷ್ಟಕವನ್ನು ಕಚೇರಿಯ ಲೆಕ್ಕಕ್ಕೆ ತಕ್ಕಂತೆ ಕಟ್ಟುವುದು, ಅದನ್ನೇ ಹಾಗ್ಹಾಗೇ ಜನರ ಮುಂದೆ ಅರ್ಜಿ ಎಂದು ಇಡುವುದು. ಚೌಕಟ್ಟು ಕಟ್ಟಿದವರಿಗೇ ಇದರ ಮಿತಿ ಗೊತ್ತಿತ್ತು. ಕೋಷ್ಟಕದಲ್ಲಿ ಇಲ್ಲದ, ಅರ್ಜಿಯಲ್ಲಿ ಮಾತ್ರ ಇರುವ ಖಾನೆಗಳಿಗೆ ರೈಲ್ಸ್ ಬಳಕೆದಾರರು ವರ್ಚುವಲ್ ಆಟ್ರಿಬ್ಯೂಟ್ ಎಂಬ ಹೆಸರಿಟ್ಟುಕೊಂಡರು. ಅರ್ಜಿಯಲ್ಲಿ ಬಂದದ್ದನ್ನು ಶುಚಿ ಮಾಡಿ ಬೇರೆಯೇ ಇಡುವುದಕ್ಕೆ ಜ್ಯಾಂಗೋದಲ್ಲಿ ಜಾಗವಿದೆ. ದಾರಿ ಇದ್ದೂ ಬಳಸದಿರುವುದು ಈಗಿನ ತಕರಾರು.

ಅರ್ಜಿಯೂ ಕೋಷ್ಟಕವೂ ಒಂದೇ ಅಲ್ಲ ಎಂಬುದಕ್ಕೆ ದೂರದ ಸಾಕ್ಷಿ ಬೇಡ, ಪಾಸ್‌ವರ್ಡ್ ಸಾಕು. ನಾವು ಅದನ್ನು ಎರಡು ಸಲ ಟೈಪ್ ಮಾಡುತ್ತೇವೆ. ಎರಡನೆಯದು ತಾಳೆಗೆ ಮಾತ್ರ, ಎಲ್ಲೂ ಉಳಿಯುವುದಿಲ್ಲ. ಮೊದಲನೆಯದೂ ನಾವು ಕೊಟ್ಟ ರೂಪದಲ್ಲಿ ಉಳಿಯುವುದಿಲ್ಲ. ನೆಟ್ಟಗೆ ಕಟ್ಟಿದ ತಂತ್ರಾಂಶ ಅದನ್ನು ಹಿಂದಕ್ಕೆ ಬಿಡಿಸಲಾಗದ ಹ್ಯಾಷ್ ಮಾಡಿ ಅದನ್ನಷ್ಟೇ ಇಟ್ಟುಕೊಳ್ಳುತ್ತದೆ. ಒಟಿಪಿ, ಕ್ಯಾಪ್ಚಾ, "ಮೇಲಿನ ವಿವರ ಸತ್ಯ" ಎಂಬ ಟಿಕ್ ಎಲ್ಲವೂ ಇದೇ ಜಾತಿಯವು. ಎರಡನ್ನೂ ಒಂದೇ ಎಂದು ಬಗೆದರೆ ಏನಾಗುತ್ತದೆ ಎಂಬುದು 2012ರ ಮಾರ್ಚ್‌ನಲ್ಲಿ ಜಗಜ್ಜಾಹೀರಾಯಿತು. ಜಗತ್ತಿನ ಪ್ರೋಗ್ರಾಮರ್‌ಗಳು ಕೋಡ್ ಇಡುವ ಗಿಟ್‌ಹಬ್ ಸ್ವತಃ ರೈಲ್ಸ್ ಮೇಲೆ ಕಟ್ಟಿದ್ದು. ಅದರ ಒಂದು ಅರ್ಜಿಪುಟ ತನಗೆ ಬಂದ ಎಲ್ಲ ಖಾನೆಗಳನ್ನೂ ಕಣ್ಣುಮುಚ್ಚಿ ಕೋಷ್ಟಕಕ್ಕೆ ಇಳಿಸುತ್ತಿತ್ತು. ಎಗೋರ್ ಹೊಮಾಕೊವ್ ಎಂಬ ರಷ್ಯದ ಪ್ರೋಗ್ರಾಮರ್, ಪುಟದಲ್ಲಿ ತೋರದ ಒಂದು ಖಾನೆಯನ್ನು ತಾನೇ ಸೇರಿಸಿ ಕಳಿಸಿ, ತನ್ನ ಕೀಲಿಯನ್ನು ರೈಲ್ಸ್ ತಂಡದ ಖಾತೆಗೆ ಜೋಡಿಸಿಬಿಟ್ಟ. ಆ ತಂಡದ ಕೋಡ್‌ನಲ್ಲೇ ಬರೆಯುವ ಅಧಿಕಾರ ಪಡೆದು ತೋರಿಸಿದ. ಮರುವರ್ಷದ ರೈಲ್ಸ್ 4ನೇ ಆವೃತ್ತಿಯಲ್ಲಿ, ಯಾವ ಖಾನೆಯನ್ನು ಒಳಗೆ ಬಿಡಬೇಕು ಎಂದು ಪ್ರೋಗ್ರಾಮರ್ ಬಾಯಿಬಿಟ್ಟು ಹೇಳಲೇಬೇಕಾದ ವ್ಯವಸ್ಥೆ ಬಂತು. ನಡುವಿನ ಪದರ ಸೌಜನ್ಯಕ್ಕೆ ಮಾತ್ರ ಬೇಕು ಅನ್ನುವವರು ಈ ಪ್ರಸಂಗವನ್ನು ನೆನಪಿಡಬೇಕು.

ಹಾಗಾದರೆ ಜನ ಹೇಗೆ ಬರೆದರೂ ಒಪ್ಪಿಕೊಳ್ಳಬೇಕೇ, ಕಸ ತುಂಬುವುದಿಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಇಂಟರ್‌ನೆಟ್ಟಿನ ಹಿರಿಯರಲ್ಲೊಬ್ಬರಾದ ಜಾನ್ ಪೋಸ್ಟೆಲ್ 1980ರಲ್ಲಿ ಬರೆದ ಒಂದು ತಾಂತ್ರಿಕ ದಸ್ತಾವೇಜಿನಲ್ಲಿ, ಕೊಡುವಾಗ ಬಿಗಿಯಾಗಿರಿ, ತೆಗೆದುಕೊಳ್ಳುವಾಗ ಉದಾರವಾಗಿರಿ ಎಂಬ ಅರ್ಥದ ಸಲಹೆ ಇದೆ. ನಾಲ್ಕು ದಶಕ ಅದನ್ನು ನಡೆಸಿ ನೋಡಿದ ಮೇಲೆ, ಈ ಉದಾರತೆ ತಪ್ಪುಗಳನ್ನು ಮುಚ್ಚಿ ಬೆಳೆಸುತ್ತದೆ ಎಂಬ ಎಚ್ಚರಿಕೆಯನ್ನು ಇಂಟರ್‌ನೆಟ್ ಆರ್ಕಿಟೆಕ್ಚರ್ ಬೋರ್ಡ್ 2023ರಲ್ಲಿ ಹೊರತಂದ ದಸ್ತಾವೇಜು ಕೊಟ್ಟಿತು. ನನಗೆ ಎರಡೂ ಸರಿ ಅನ್ನಿಸುತ್ತವೆ, ಎರಡು ಬೇರೆ ಸಂಗತಿಗಳಿಗೆ. ರೂಪದಲ್ಲಿ ಉದಾರವಾಗಿರಬಹುದು, ಅರ್ಥದಲ್ಲಿ ಬಿಗಿಯಾಗಿರಬೇಕು. ಆಧಾರ್ ಸಂಖ್ಯೆಯನ್ನು ಕಾರ್ಡಿನಲ್ಲಿರುವಂತೆ ನಾಲ್ಕು ನಾಲ್ಕು ಅಂಕಿ ಬಿಡಿಸಿ ಟೈಪ್ ಮಾಡಿದರೆ "ತಪ್ಪು ಸಂಖ್ಯೆ" ಎಂದು ಕೆಂಪಗೆ ತೋರಿಸುವುದು ಅನಗತ್ಯ. ನಡುವಿನ ಜಾಗ ತೆಗೆಯಲು ಒಂದು ಸಾಲು ಕೋಡ್ ಸಾಕು. ಹಾಗೆ ತೆಗೆದ ಮೇಲೆ 12 ಅಂಕಿ ಇವೆಯೇ, ಕೊನೆಯ ಅಂಕಿ ಉಳಿದ 11ಕ್ಕೆ ವೆರ್ಹೋಫ್ ಎಂಬ ತಾಳೆ ಲೆಕ್ಕದಂತೆ ಹೊಂದುತ್ತದೆಯೇ ಎಂದು ನೋಡುವುದು ಅಗತ್ಯ. ನಾಡಕಚೇರಿಯ ಪ್ರಮಾಣಪತ್ರದ ಆರ್‌ಡಿ ನಂಬರನ್ನು "ಆರ್‌ಡಿ" ಬಿಟ್ಟು ಬರೀ ಅಂಕಿಯಲ್ಲಿ ಕೊಟ್ಟರೂ, ಫೋನ್ ನಂಬರಿನ ಮುಂದೆ ಸೊನ್ನೆ ಸೇರಿಸಿದರೂ ಇದೇ ಮಾತು.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಈ ಪ್ರಶ್ನೆ ಇನ್ನೂ ಸೂಕ್ಷ್ಮ. ಕೊಡೇಕಲ್ ಎಂಬ ಊರಿನ ಹೆಸರಿನಲ್ಲಿರುವ "ಕೊ" ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಚಿಹ್ನೆಯಾಗಿಯೂ ಇಡಬಹುದು. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು, ಕಂಪ್ಯೂಟರಿಗೆ ಮಾತ್ರ ಇವು ಬೇರೆ ಬೇರೆ ಪದ. ಎರಡು ಕೀಬೋರ್ಡ್ ತಂತ್ರಾಂಶಗಳಲ್ಲಿ ಟೈಪಿಸಿದ ಒಂದೇ ಊರು ಹುಡುಕಾಟದಲ್ಲಿ ಒಂದಕ್ಕೊಂದು ಸಿಗದೆ ಹೋಗಬಹುದು. ಸಂಗ್ರಹಿಸುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸೇಶನ್ ಎಂಬ ವಿಧಾನ ಯೂನಿಕೋಡ್‌ನಲ್ಲೇ ಇದೆ, ಅದನ್ನು ಕರೆಯಬೇಕು ಅಷ್ಟೇ. ೧೨೩ ಎಂದರೂ 123 ಎಂದರೂ ಒಂದೇ ಸರ್ವೆ ನಂಬರು ಎಂದು ತಂತ್ರಾಂಶಕ್ಕೆ ಕಲಿಸುವುದೂ ಕಷ್ಟದ ಕೆಲಸವಲ್ಲ. ಆದರೆ ಕೆಂಭಾವಿಯನ್ನು ಯಾರಾದರೂ ಕೆಂಬಾವಿ ಎಂದು ಬರೆದರೆ, ಸುರಪುರವನ್ನು ಶೋರಾಪುರ ಎಂದರೆ ಅಲ್ಲಿ ಊಹೆ ಬಂತು. ಊಹಿಸಿದ್ದನ್ನು ಕೇಳದೆ ಒಳಗೆ ಇಳಿಸಬಾರದು, "ಇದೇ ಊರೇ?" ಎಂದು ತೋರಿಸಿ ಒಪ್ಪಿಗೆ ಪಡೆಯಬೇಕು. ಉದಾರತೆಗೆ ಗೆರೆ ಎಲ್ಲಿ ಎಂದರೆ ಇಲ್ಲಿ.

ದಿನಾಂಕದ ವಿಷಯಕ್ಕೆ ಬಂದರೆ ಬ್ರೌಸರ್ ಕಟ್ಟಿದವರು ಅರ್ಧ ಕೆಲಸ ಆಗಲೇ ಮಾಡಿಟ್ಟಿದ್ದಾರೆ. ವೆಬ್‌ಪುಟದ ದಿನಾಂಕದ ಖಾನೆ ನಮಗೆ 05/03/1972 ಎಂದು ನಮ್ಮ ರೂಢಿಯಲ್ಲಿ ತೋರಿಸಿದರೂ ಸರ್ವರಿಗೆ ಕಳಿಸುವುದು 1972-03-05 ಎಂದೇ. ಅಮೆರಿಕದವರಿಗೆ ತಿಂಗಳು ಮುಂದೆ, ನಮಗೆ ದಿನ ಮುಂದೆ, ಡೇಟಾಬೇಸಿಗೆ ವರ್ಷ ಮುಂದೆ. ಯಾರೂ ತಮ್ಮ ರೂಢಿ ಬಿಡಬೇಕಾಗಿಲ್ಲ. ಉಳಿದರ್ಧ ಕಷ್ಟದ್ದು: ಹುಟ್ಟಿದ ದಿನವೇ ಗೊತ್ತಿಲ್ಲದವರದ್ದು. ದಿನಾಂಕದ ಕಾಲಮ್ಮು "ಸುಮಾರು" ಎಂಬುದನ್ನು ಅರಿಯದು, ಪೂರ್ತಿ ದಿನಾಂಕ ಕೊಡದೆ ಅರ್ಜಿ ಮುಂದೆ ಹೋಗದು. ಆಗ ಹುಟ್ಟುವುದೇ ಜನವರಿ 1ರ ಹುಟ್ಟುಹಬ್ಬ. ಶಾಲೆಗೆ ಸೇರಿಸುವಾಗ ಬರೆಸಿದ್ದಾದರೆ ಜೂನ್ 1. ಒಂದೊಂದು ಊರಿನ ಅರ್ಧದಷ್ಟು ಜನ ಜೂನ್ ಒಂದಕ್ಕೇ ಹುಟ್ಟಿದರೇನೋ ಎಂದು ನಾವು ನಗುತ್ತೇವೆ. ಪಿಂಚಣಿಗೆ 60 ತುಂಬಿತೇ 65 ತುಂಬಿತೇ ಎಂದು ಕಂಪ್ಯೂಟರು ಲೆಕ್ಕ ಹಾಕುವಾಗ ನಗುವಂಥದ್ದು ಇರುವುದಿಲ್ಲ. ಯಾರೋ ಖಾನೆ ತುಂಬಲು ಹಾಕಿದ ತಾರೀಖು ಪ್ರಮಾಣವಾಗಿ ಕೂತಿರುತ್ತದೆ. ಇಲ್ಲಿ ಆಧಾರ್ ಒಂದು ಒಳ್ಳೆಯ ಮಾದರಿ ಹಾಕಿದೆ ಎಂದು ಒಪ್ಪಬೇಕು. ಹುಟ್ಟಿದ ದಿನಾಂಕದ ಜೊತೆಗೆ ಅದು ದಾಖಲೆ ನೋಡಿ ಬರೆದದ್ದೋ, ಬಾಯಿಮಾತಿನ ಘೋಷಣೆಯೋ, ವಯಸ್ಸಿನಿಂದ ಅಂದಾಜು ಮಾಡಿದ್ದೋ ಎಂಬುದನ್ನೂ ಗುರುತಿಸಿಡುವ ಏರ್ಪಾಡು ಅದರಲ್ಲಿದೆ. ದಿನಾಂಕದ ಕಾಲಂ ಕಟ್ಟುನಿಟ್ಟಾಗಿಯೇ ಉಳಿಯಿತು, ಪಕ್ಕದ ಕಾಲಂ ಸತ್ಯ ಹೇಳಿತು. ಆ ಪಕ್ಕದ ಕಾಲಮ್ಮನ್ನು ಓದದೆ ತಾರೀಖನ್ನಷ್ಟೇ ಎತ್ತಿಕೊಳ್ಳುವ ಉಳಿದ ತಂತ್ರಾಂಶಗಳು ಈ ಎಚ್ಚರವನ್ನು ಹಾಳುಮಾಡುತ್ತವೆ, ಆ ಮಾತು ಬೇರೆ.

ಈ ಭಾಗದ ಹಳೆಯ ಜಮೀನು ಕಾಗದಗಳಲ್ಲಿ ಕಾಲವೇ ಬೇರೆ ಲೆಕ್ಕದ್ದು. 1956ರ ನವೆಂಬರ್ 1ರವರೆಗೆ ಸುರಪುರ, ಶಹಾಪುರ, ಯಾದಗಿರಿ ಹೈದರಾಬಾದ್ ರಾಜ್ಯದಲ್ಲಿದ್ದವು. ಅಲ್ಲಿನ ಕಂದಾಯ ನಡೆಯುತ್ತಿದ್ದದ್ದು ಫಸಲಿ ವರ್ಷದಲ್ಲಿ. ಹೈದರಾಬಾದ್ ಭೂಕಂದಾಯ ಕಾಯ್ದೆಯ ವರ್ಷವೇ 1317 ಫಸಲಿ, ಅಂದರೆ 590 ಕೂಡಿದರೆ 1907. ಫಸಲಿ ವರ್ಷ ನಮ್ಮ ಜನವರಿಗೆ ಶುರುವಾಗುವುದಲ್ಲವಾದ್ದರಿಂದ ಒಂದು ಫಸಲಿ ಎರಡು ಇಸವಿಗಳ ಮೇಲೆ ಕಾಲಿಡುತ್ತದೆ. ಅಂಥ ಕಾಗದವನ್ನು ಕಂಪ್ಯೂಟರಿಗೆ ಏರಿಸುವವರ ಎದುರು ಇಸವಿಯ ಖಾನೆ ಮಾತ್ರ ಇದ್ದರೆ ಅವರು 590 ಕೂಡಿ ಹಾಕುತ್ತಾರೆ, ಕೆಲವರು 591. ಮೂಲದಲ್ಲಿ ಏನಿತ್ತು ಎಂದು ಆಮೇಲೆ ನೋಡಬೇಕೆಂದರೆ ಕಪಾಟಿಗೇ ಹೋಗಬೇಕು. ಕೊಟ್ಟದ್ದನ್ನು ಕೊಟ್ಟ ಹಾಗೆ ಒಂದು ಕಾಲಮ್ಮಿನಲ್ಲಿ, ಲೆಕ್ಕಕ್ಕೆ ಬೇಕಾದ್ದನ್ನು ಇನ್ನೊಂದರಲ್ಲಿ ಇಟ್ಟರೆ ಈ ಫಜೀತಿ ಇರುವುದಿಲ್ಲ. ಇದಕ್ಕೊಂದು ಪ್ರತಿವಾದ ಇದೆ: ಎಲ್ಲವನ್ನೂ ಎರಡೆರಡು ರೂಪದಲ್ಲಿ ಇಟ್ಟುಕೊಳ್ಳುತ್ತಾ ಹೋದರೆ ಖಾಸಗಿತನದ ಗತಿಯೇನು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬೇಕಾದಷ್ಟನ್ನೇ ತೆಗೆದುಕೊಳ್ಳಿ ಅನ್ನುತ್ತದೆ. ಆಧಾರ್ ಸಂಖ್ಯೆಯನ್ನು ಎಲ್ಲೆಂದರಲ್ಲಿ ಇಡದೆ ಪ್ರತ್ಯೇಕ ಭದ್ರಕೋಶದಲ್ಲಿಟ್ಟು, ಉಳಿದ ಕೋಷ್ಟಕಗಳಲ್ಲಿ ಅದರ ಬದಲಿಗೆ ಒಂದು ಸಂಕೇತ ಬಳಸಬೇಕೆಂದು ಆಧಾರ್ ಪ್ರಾಧಿಕಾರ 2017ರಲ್ಲೇ ಸೂಚಿಸಿದೆ. ಈ ಪ್ರತಿವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ, ಅದು ನನ್ನ ಮಾತಿಗೆ ವಿರೋಧವೂ ಅಲ್ಲ. ಯಾವುದನ್ನು ಮೂಲರೂಪದಲ್ಲಿ ಇಡಬೇಕು, ಯಾವುದನ್ನು ಬದಲಿಸಿ ಇಡಬೇಕು, ಯಾವುದನ್ನು ಇಡಲೇಬಾರದು ಎಂದು ಒಂದೊಂದು ಖಾನೆಗೂ ಕೂತು ತೀರ್ಮಾನಿಸಬೇಕು ಎಂಬುದೇ ನನ್ನ ಮಾತು. ಅರ್ಜಿ ಮತ್ತು ಕೋಷ್ಟಕ ಒಂದೇ ಎಂದುಕೊಂಡವರು ಹಾಗೆ ಕೂರುವುದೇ ಇಲ್ಲ.

ಇನ್ನು ಹೊಲದ ಅಳತೆ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ನಾವು ಒಂದೇ ಉಸಿರಿಗೆ ಹೇಳುವ ಸರ್ವೆ ನಂಬರು ಅಲ್ಲಿ ಸರ್ವೆ ನಂಬರು, ಸರ್‌ನಾಕ್, ಹಿಸ್ಸಾ ಎಂದು ಮೂರು ಖಾನೆ. ವಿಸ್ತೀರ್ಣ ಬರುವುದು ಎಕರೆ, ಗುಂಟೆ, ಆಣೆಯಲ್ಲಿ: 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ರೂಪಾಯಿಯ ಆಣೆ 1957ರ ಏಪ್ರಿಲ್‌ಗೆ ಹೋಯಿತು, ಹೊಲದ ಆಣೆ ಇನ್ನೂ ಇದೆ. ಎರಡೂವರೆ ಎಕರೆ ಪಹಣಿಯಲ್ಲಿ 2.20.00 ಎಂದು ಕಾಣುತ್ತದೆ. ಅದನ್ನು ದಶಾಂಶದ ಖಾನೆಯುಳ್ಳ ಇನ್ನೊಂದು ಅರ್ಜಿಗೆ 2.20 ಎಂದು ಇಳಿಸಿದರೆ ಅದು ಎರಡು ಎಕರೆ ಎಂಟು ಗುಂಟೆ. 12 ಗುಂಟೆ, ಅಂದರೆ 13,068 ಚದರ ಅಡಿ ಮಾಯ. 2022ರಲ್ಲಿ ಪರಿಷ್ಕರಿಸಿದ ವಿಪತ್ತು ಪರಿಹಾರದ ಮಾನದಂಡದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಎರಡೂವರೆ ಎಕರೆ ತೊಗರಿ ಹೋದವನಿಗೆ ಸುಮಾರು 8,600 ಬರಬೇಕು, 2.20 ಎಂದು ಓದಿದ ಲೆಕ್ಕದಲ್ಲಿ ಬರುವುದು 7,568. ಅರ್ಜಿಯಲ್ಲಿ ಎಕರೆಗೊಂದು, ಗುಂಟೆಗೊಂದು, ಆಣೆಗೊಂದು ಖಾನೆ ಇಟ್ಟು, ಗುಂಟೆಯ ಖಾನೆಗೆ 39ಕ್ಕಿಂತ ಹೆಚ್ಚು ಬರೆಯಲು ಬಿಡದಿದ್ದರೆ ಈ ತಪ್ಪಿಗೆ ಆಸ್ಪದವೇ ಇಲ್ಲ.

ಜನರೇ ಹೆಕ್ಟೇರ್ ಕಲಿಯಲಿ, ಮೀಟರು-ಕಿಲೋ ಕಲಿಯಲಿಲ್ಲವೇ ಎನ್ನುವವರಿದ್ದಾರೆ. ಕಲಿಯಬಹುದು. ಆದರೆ ಹೊಲದ ಕ್ರಯಪತ್ರ, ಪಾಲುಪಟ್ಟಿ, ಹದ್ದಿನ ಜಗಳ ಎಲ್ಲ ಗುಂಟೆಯಲ್ಲಿರುವಾಗ ಅರ್ಜಿಯೊಂದಕ್ಕಾಗಿ ಹೆಕ್ಟೇರಿಗೆ ಬದಲಿಸುವ ಗುಣಾಕಾರವನ್ನು ರೈತನೋ ಆಪರೇಟರೋ ಕ್ಯಾಲ್ಕುಲೇಟರಿನಲ್ಲಿ ಮಾಡಬೇಕೆಂಬುದಕ್ಕೆ ಕಾರಣ ಕಾಣುವುದಿಲ್ಲ. ಗುಣಾಕಾರಕ್ಕೆಂದೇ ಯಂತ್ರ ಎದುರಿಗಿದೆ. ಯಂತ್ರಕ್ಕೆ ವಹಿಸಿದರೂ ಎಚ್ಚರ ಬೇಕು ಎಂಬುದು ನಿಜ. ತರ್ಜುಮೆ ಒಂದೇ ದಿಕ್ಕಿನದಲ್ಲ, ಅರ್ಜಿ ತಿದ್ದಲು ತೆರೆದಾಗ ಒಳಗಿದ್ದದ್ದು ಮತ್ತೆ ಜನರ ರೂಪಕ್ಕೆ ಹೊರಗೆ ಬರಬೇಕು. ಎರಡು ಎಕರೆ 20 ಗುಂಟೆಯನ್ನು ತಂತ್ರಾಂಶ 1.01 ಹೆಕ್ಟೇರ್ ಎಂದು ಎರಡು ದಶಾಂಶಕ್ಕೆ ದುಂಡು ಮಾಡಿ ಇಟ್ಟಿತೆನ್ನಿ. ಫೋನ್ ನಂಬರು ಬದಲಿಸಲೆಂದು ಪುಟ ತೆರೆದಾಗ ಅದು ಎರಡು ಎಕರೆ 19.83 ಗುಂಟೆ, ಖಾನೆ ಪೂರ್ಣಾಂಕ ಮಾತ್ರ ತೋರಿಸುವುದರಿಂದ 19. ಸೇವ್ ಒತ್ತಿದರೆ 1.00 ಹೆಕ್ಟೇರ್ ಆಗಿ ಒಳಗೆ ಹೋಗುತ್ತದೆ. ಮುಂದಿನ ಸಲ ಬ್ಯಾಂಕ್ ಖಾತೆ ತಿದ್ದಲು ತೆರೆದರೆ 18 ಗುಂಟೆ, ಅದರಾಚೆ 17. ವಿಸ್ತೀರ್ಣದ ಖಾನೆಯನ್ನು ಯಾರೂ ಮುಟ್ಟಿಲ್ಲ, ಹೊಲ ಸಲಕ್ಕೊಂದು ಗುಂಟೆ ಸವೆಯುತ್ತಿದೆ. ಎಲ್ಲವನ್ನೂ ಅತಿ ಸಣ್ಣ ಮಾನಕ್ಕೆ ಇಳಿಸಿ ಪೂರ್ಣಾಂಕದಲ್ಲಿ ಇಟ್ಟರೆ ಹೀಗಾಗುವುದಿಲ್ಲ. ಎಕರೆಗೆ 640 ಆಣೆಯಂತೆ ಈ ಹೊಲ 1,600 ಆಣೆ. ಎಷ್ಟು ಸಲ ತೆರೆದು ಮುಚ್ಚಿದರೂ ಎರಡು ಎಕರೆ 20 ಗುಂಟೆಯಾಗಿಯೇ ಹೊರಬರುತ್ತದೆ. ಹೆಕ್ಟೇರು ಬೇಕಾದ ಕಚೇರಿಗೆ ಆ ಹೊತ್ತಿಗೆ ಭಾಗಿಸಿ ತೋರಿಸಿದರಾಯಿತು, ಅದನ್ನು ಹಿಂದಕ್ಕೆ ಬರೆಯುವ ಅಗತ್ಯವಿಲ್ಲ.